ಹಾವಿನ ಪೆಟ್ಟಿಗೆಗೆ ಕೊಂಬೆ ತರುವ ಮುನ್ನ

ದಾವಣಗೆರೆ, ಚಿತ್ರದುರ್ಗದ ಕಡೆ ಒಣ ಕೊಂಬೆಗೇನು ಬರವಿಲ್ಲ. ಊರು ದಾಟಿದರೆ ಜಾಲಿ, ಹುಣಸೆ, ಬೇವು, ಹೊಂಗೆ. ಹಾಗಾಗಿ ಹಾವು ಸಾಕುವವರು, ಅದು ಹತ್ತಿ ಸುತ್ತಿಕೊಳ್ಳಲೆಂದು ಪೆಟ್ಟಿಗೆಯೊಳಗೆ ಇಡುವ ಕಟ್ಟಿಗೆ ತುಂಡಿನ ಬೆಲೆಯನ್ನು ಪೆಟ್ ಅಂಗಡಿಯಲ್ಲಿ ಕೇಳಿ ‘ಇದಕ್ಕೂ ದುಡ್ಡು ಕೊಡಬೇಕಾ?’ ಅನ್ನುತ್ತಾರೆ. ಕೊಡಬೇಕಾಗಿಲ್ಲ. ಹಾಗಂತ ದಾರಿಯಲ್ಲಿ ಸಿಕ್ಕ ಕೊಂಬೆಯ ಧೂಳು ಕೊಡವಿ ಸೀದಾ ಒಳಗಿಡುವ ಹಾಗೂ ಇಲ್ಲ.

ಹಾವಿನ ಪೆಟ್ಟಿಗೆ ಅಂದರೆ ಮುಚ್ಚಿದ, ಬೆಚ್ಚಗಿನ, ಸ್ವಲ್ಪ ತೇವ ಇರುವ ಜಾಗ. ಬಾಲ್ ಪೈಥಾನ್‌ಗೆ (ಆಫ್ರಿಕಾದ ಸಣ್ಣ ಹೆಬ್ಬಾವು) ಬಿಸಿ ಇರುವ ಕಡೆ 31ರಿಂದ 33 ಡಿಗ್ರಿ ಬೇಕು. ಹೊರಗೆ ನಮ್ಮ ಮೂಗಿಗೆ ಗೊತ್ತೇ ಆಗದ ವಾಸನೆ ಆ ಬಿಸಿಗೆ ಮರದಿಂದ ಎದ್ದು ಬರುತ್ತದೆ. ಹೊರಗೆ ಹೋಗಲು ದಾರಿ ಕಡಿಮೆ. ಹಾವು ಹಗಲು ರಾತ್ರಿ ಅದನ್ನೇ ಉಸಿರಾಡುತ್ತದೆ. ಆದ್ದರಿಂದ ‘ಯಾವ ಮರ?’ ಎಂದು ಕೇಳುವುದಕ್ಕಿಂತ ‘ಆ ಮರದ ಮೇಲೆ ಏನೇನು ಬಿದ್ದಿದೆ, ಅದು ಎಷ್ಟು ಒಣಗಿದೆ?’ ಎಂದು ಕೇಳುವುದು ಮುಖ್ಯ ಅನ್ನುವವನು ನಾನು. ಒಳ್ಳೆ ಜಾತಿಯ ಮರವೂ ವಿಷದ ಎಣ್ಣೆ (ಕೀಟನಾಶಕ) ಕುಡಿದಿದ್ದರೆ ಕೆಟ್ಟದ್ದೇ.

ಮೊದಲು ಕಾನೂನು, ಚುಟುಕಾಗಿ

ಇಲ್ಲಿ ಹೇಳುವುದೆಲ್ಲ ಹೊರದೇಶದ ಹಾವುಗಳಿಗೆ ಮಾತ್ರ. ನಮ್ಮ ನೆಲದ ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕ ಹಾವುಗಳನ್ನು ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಬಾಲ್ ಪೈಥಾನ್, ಬೋವಾ ಎರಡೂ ಸೈಟಿಸ್ (ಕಾಡುಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ) ಪಟ್ಟಿಯಲ್ಲಿವೆ. ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಅದರ ನೋಂದಣಿ ನಿಯಮಗಳು 2024ರಲ್ಲಿ ಬಂದವು. ಅಂಥ ಹಾವು ಇದ್ದವರು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕು. ಅಮೆರಿಕದ ಕಾರ್ನ್ ಸ್ನೇಕ್ ಎಂಬ ಹಾವು ಆ ಪಟ್ಟಿಯಲ್ಲಿ ಇಲ್ಲ. ಆದರೂ ಕೊಂಡ ರಸೀದಿ ಬಿಸಾಡಬೇಡಿ.

ಕೊಂಬೆಗೂ ಕಾನೂನು ಇದೆ. ಚಿತ್ರದುರ್ಗದ ಜೋಗಿಮಟ್ಟಿ ವನ್ಯಧಾಮ. ಜಗಳೂರು ಕಡೆ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮ. ಇಂಥ ಜಾಗದಿಂದ ಬಿದ್ದ ಒಣ ಕಡ್ಡಿಯನ್ನೂ ತರಬೇಡಿ. ರಸ್ತೆ ಬದಿಯ ಸಾಲುಮರ ಸರ್ಕಾರದ್ದು. ಕೇಳಿ ತರಬಹುದಾದ ಮರ ಹಿತ್ತಿಲಲ್ಲಿ, ತೋಟದಲ್ಲಿ, ಹೊಲದ ಬದುವಿನಲ್ಲಿ ಬೇಕಾದಷ್ಟಿದೆ.

ಎಲ್ಲಿಂದ ತರುವುದು

ಎಲ್ಲಕ್ಕಿಂತ ಒಳ್ಳೆಯದು ಪರಿಚಯದವರ ಹಿತ್ತಿಲು. ಮನೆಮಂದಿ ತಿನ್ನುವುದಕ್ಕೆಂದು ಬೆಳೆಸಿದ ಪೇರಲ ಗಿಡಕ್ಕೆ ಯಾರೂ ಜಾಸ್ತಿ ಔಷಧಿ ಹೊಡೆಯುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಕೊಂಬೆ ಸವರುವವರು ಇರುತ್ತಾರೆ. ಕೇಳಿದರೆ ಖುಷಿಯಿಂದ ಕೊಡುತ್ತಾರೆ. ಹಾವಿಗೆ ಅಂತ ಹೇಳಬೇಕಾ ಬೇಡವಾ ಅನ್ನುವುದು ನಿಮಗೆ ಬಿಟ್ಟದ್ದು.

ತೋಟಕ್ಕೆ ಹೋದರೆ ನೇರವಾಗಿ ಕೇಳಿಬಿಡಿ: ‘ಅಣ್ಣಾ, ಈ ಗಿಡಕ್ಕೆ ಎಣ್ಣೆ ಯಾವಾಗ ಹೊಡೆದಿದ್ರಿ?’ ರೈತರು ಮುಚ್ಚಿಡುವುದಿಲ್ಲ. ಹಿರಿಯೂರು, ಹೊಸದುರ್ಗ, ಚಳ್ಳಕೆರೆ ಕಡೆಯ ದಾಳಿಂಬೆ ತೋಟಗಳಲ್ಲಿ ರಾಶಿ ರಾಶಿ ಸವರಿದ ಕೊಂಬೆ ಬಿದ್ದಿರುತ್ತದೆ. ನೋಡಲೂ ಚೆಂದ, ಗಂಟು ಗಂಟಾಗಿ ಇರುತ್ತದೆ. ಆದರೆ ದುಂಡಾಣು ಅಂಗಮಾರಿ ರೋಗ, ಹುಳ ಅಂತ ದಾಳಿಂಬೆಗೆ ಔಷಧಿ ಹೊಡೆಯುವುದು ತುಂಬಾ ಜಾಸ್ತಿ. ಅದರಲ್ಲಿ ತಾಮ್ರದ ಔಷಧಿಯೂ ಸೇರಿರುತ್ತದೆ. ಎಷ್ಟು ತೊಳೆದರೂ ನನಗೆ ಧೈರ್ಯ ಬರುವುದಿಲ್ಲ. ಬಿಟ್ಟುಬಿಡಿ. ಭದ್ರಾ ಕಾಲುವೆ ನೀರಿನ ಭತ್ತದ ಗದ್ದೆ ಬದುವಿನ ಮರಕ್ಕೂ ಗಾಳಿಯಲ್ಲಿ ಔಷಧಿ ಹಾರಿ ಬರುತ್ತದೆ. ಗದ್ದೆಯಿಂದ ದೂರದ ಮರ ನೋಡಿ.

ಹೊಳೆಯಲ್ಲಿ, ಕೆರೆಯಲ್ಲಿ ತೇಲಿ ಬಂದ ಕಟ್ಟಿಗೆಯ ಆಸೆ ಎಲ್ಲರಿಗೂ ಇರುತ್ತದೆ. ಹರಿಹರದ ತುಂಗಭದ್ರೆಯ ದಡ, ಸೂಳೆಕೆರೆ, ವಾಣಿವಿಲಾಸ ಸಾಗರದ ಅಂಚು ಎಲ್ಲ ಕಡೆ ನಯವಾಗಿ ಸವೆದ ತುಂಡು ಸಿಗುತ್ತವೆ. ತೊಂದರೆ ಏನೆಂದರೆ ಆ ಮರ ಯಾವುದು ಅನ್ನುವುದು ಗೊತ್ತಾಗುವುದಿಲ್ಲ, ಎಲ್ಲಿಯ ಚರಂಡಿ ನೀರು ಹೀರಿದೆ ಅನ್ನುವುದೂ ಗೊತ್ತಾಗುವುದಿಲ್ಲ. ಕುದಿಸಿದರೆ ಹುಳ ಸಾಯುತ್ತದೆ, ಹೀರಿಕೊಂಡ ರಾಸಾಯನಿಕ ಪೂರ್ತಿ ಹೋಗುವುದಿಲ್ಲ.

ಸಾ ಮಿಲ್, ಬಡಗಿ ಅಂಗಡಿಯ ತುಂಡುಗಳಿಗೆ ಗೆದ್ದಲು ಔಷಧಿ, ಪಾಲಿಶ್, ಅಂಟು ತಗಲಿರುತ್ತದೆ. ಬೇಡ. ಗೋಡೌನ್ ಮುಂದೆ ಬಿದ್ದಿರುವ ಮರದ ಪ್ಯಾಲೆಟ್ ಮೇಲೆ ಸುಟ್ಟ ಮುದ್ರೆ ಇರುತ್ತದೆ. ಅದರಲ್ಲಿ ‘ಎಚ್‌ಟಿ’ ಎಂದಿದ್ದರೆ ಬಿಸಿ ಕೊಟ್ಟ ಮರ, ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟ ಮರ. ಎಂಬಿ ಅಂತೂ ಮುಟ್ಟಲೇಬೇಡಿ. ಎಚ್‌ಟಿ ಆದರೂ ಹೆಚ್ಚಿನವು ಪೈನ್, ಅದರ ಮೇಲೆ ಯಾವ ಲೋಡು ಸೋರಿದೆಯೋ ಗೊತ್ತಿಲ್ಲ. ಆದರೆ ಆ ಎಚ್‌ಟಿ ಮುದ್ರೆಯ ಹಿಂದಿನ ನಿಯಮ ನಮಗೆ ಮುಂದೆ ಬೇಕಾಗುತ್ತದೆ: ಮರದ ನಡುತಿರುಳು 56 ಡಿಗ್ರಿಗೆ ಏರಿ ಅಲ್ಲೇ 30 ನಿಮಿಷ ನಿಲ್ಲಬೇಕು. ಮರದೊಳಗಿನ ಹುಳ ಸಾಯಲು ದೇಶ ದೇಶಗಳು ಒಪ್ಪಿಕೊಂಡ ಲೆಕ್ಕ ಅದು.

ಯಾವ ಮರ ಸರಿ, ಯಾವುದು ಬೇಡ

ನನ್ನ ಮೊದಲ ಆಯ್ಕೆ ಪೇರಲ. ಗಟ್ಟಿ, ತೊಗಟೆ ತೆಳು, ತಾನೇ ಸುಲಿದು ಬರುತ್ತದೆ, ಕವಲು ಜಾಸ್ತಿ, ಹಾಲು ಇಲ್ಲ, ಘಾಟು ಇಲ್ಲ. ಹಾವು ಸುತ್ತಿಕೊಳ್ಳಲು ಅದಕ್ಕಿಂತ ಒಳ್ಳೆಯ ಆಕಾರ ನಮ್ಮ ಕಡೆ ಸಿಗುವುದಿಲ್ಲ. ಎರಡನೆಯದು ಹುಣಸೆ. ಭಾರ ಇರುವುದರಿಂದ ಕೆಳಗೆ ಅಡಿಪಾಯಕ್ಕೆ ಚೆನ್ನಾಗಿ ಕೂರುತ್ತದೆ. ಮಾವೂ ಆಗುತ್ತದೆ. ಆದರೆ ಹಸಿ ಮಾವಿನ ಸೊನೆ ಚರ್ಮ ಸುಡುತ್ತದೆ, ಪೂರ್ತಿ ಒಣಗಿದ್ದೇ ಬೇಕು. ಕಾಫಿ ಗಿಡದ ಬೊಡ್ಡೆ, ದ್ರಾಕ್ಷಿ ಬಳ್ಳಿಯ ಕಾಂಡ ಹಾವು ಸಾಕುವವರು ಮೊದಲಿಂದ ಬಳಸುವ ಕಟ್ಟಿಗೆಗಳು. ದ್ರಾಕ್ಷಿ ತೋಟದ್ದಾದರೆ ಮಾತ್ರ ಔಷಧಿ ವಿಷಯ ಅಲ್ಲಿಯೂ ಕೇಳಿಕೊಳ್ಳಿ. ಬಿದಿರು ಹಗುರ, ನಯ. ತುದಿಯ ಟೊಳ್ಳು ಮುಚ್ಚಬೇಕು.

ಬಳ್ಳಾರಿ ಜಾಲಿ ಎಲ್ಲ ಕಡೆ ಇದೆ, ಕಡಿದರೆ ರೈತರು ಆಶೀರ್ವಾದವನ್ನೇ ಮಾಡುತ್ತಾರೆ. ಒಣಗಿದ ಮೇಲೆ ಕಲ್ಲಿನಷ್ಟು ಗಟ್ಟಿ. ಆದರೆ ಪ್ರತಿ ಗೆಣ್ಣಿನಲ್ಲೂ ಮುಳ್ಳು. ಮುಳ್ಳನ್ನು ಮುರಿದರೆ ಸಾಲದು, ಬುಡದವರೆಗೆ ಕತ್ತರಿಸಿ ಉಜ್ಜಬೇಕು. ಇಷ್ಟು ತಾಳ್ಮೆ ಇಲ್ಲದವರು ದಪ್ಪ ಬೊಡ್ಡೆ ಮಾತ್ರ ಬಳಸಿ.

ಬೇವಿನ ವಿಷಯಕ್ಕೆ ಬರೋಣ. ಬೇವು ಹುಳ ಕೊಲ್ಲುತ್ತದೆ, ಹಾಗಾದರೆ ಹಾವಿನ ಮೈಯ ನುಸಿಗೂ ಒಳ್ಳೆಯದಲ್ವಾ ಎಂದು ಬಹಳ ಜನ ಕೇಳುತ್ತಾರೆ. ನುಸಿ ಸಾಯುವಷ್ಟು ಬೇವು ಮುಚ್ಚಿದ ಪೆಟ್ಟಿಗೆಯಲ್ಲಿ ಇದ್ದರೆ ಹಾವಿಗೆ ಅದು ಸುಖ ಕೊಡುತ್ತದೆ ಅನ್ನುವ ನಂಬಿಕೆ ನನಗಿಲ್ಲ. ಹಸಿ ಬೇವಿನ ಘಾಟೂ ಜೋರು. ಪಕ್ಕದಲ್ಲೇ ಪೇರಲ ಇರುವಾಗ ಆ ಗೊಡವೆ ಯಾಕೆ? ನೀಲಗಿರಿ ಹಾಗಲ್ಲ. ಎಣ್ಣೆ ಹೆಚ್ಚಾಗಿ ಎಲೆಯಲ್ಲಿ. ತೊಗಟೆ ಕಳಚಿ, ಬಿಸಿಲು ಮಳೆಗೆ ಬೆಳ್ಳಗಾಗಿ, ವಾಸನೆಯೇ ಇಲ್ಲದ ಹಳೇ ನೀಲಗಿರಿ ಕೊಂಬೆಯನ್ನು ಆಸ್ಟ್ರೇಲಿಯಾದವರು ಧಾರಾಳವಾಗಿ ಬಳಸುತ್ತಾರೆ. ಹಸಿಯದ್ದು ಬೇಡ.

ಯಾವ ಕಾರಣಕ್ಕೂ ತರಬಾರದ ಮರಗಳಿವು: ಕಣಗಿಲೆ, ಹಳದಿ ಕಣಗಿಲೆ, ಎಕ್ಕ, ಎಲ್ಲ ಬಗೆಯ ಕಳ್ಳಿ, ಉಮ್ಮತ್ತಿ, ಹರಳು, ಲಂಟಾನ, ಕಾಡುಗೇರು. ಬೇಲಿಗೂ ಗೊಬ್ಬರಕ್ಕೂ ನೆಡುವ ಗ್ಲಿರಿಸಿಡಿಯಾ ಕೂಡ ಬೇಡ. ಅದರ ತೊಗಟೆಯಿಂದ ಇಲಿ ಪಾಷಾಣ ಮಾಡುವ ರೂಢಿ ಇದೆ. ಪೈನ್, ದೇವದಾರು, ಕರ್ಪೂರದ ಮರದಂಥ ಪರಿಮಳದ ಮರಗಳೂ ಬೇಡ. ನಮಗೆ ಹಿತವಾದ ಆ ಪರಿಮಳವೇ ಹಾವಿನ ಉಸಿರಾಟಕ್ಕೆ ತೊಂದರೆ. ಅಶ್ವತ್ಥ, ಆಲ, ಅತ್ತಿ ಒಣಗಿದ ಮೇಲೆ ಅಪಾಯವಲ್ಲ. ಆದರೆ ನಾಗರಕಲ್ಲು ಇರುವ ಕಟ್ಟೆಯ ಮರದ ಕೊಂಬೆ ಮುರಿದು, ಹಾವಿಗೇ ತಾನೇ ಅಂತ ಊರವರಿಗೆ ವಾದ ಹೇಳಲು ಹೋಗಬೇಡಿ!

ಮರ ಯಾವುದೆಂದು ಖಚಿತವಾಗಿ ಗೊತ್ತಿಲ್ಲವಾ? ಹಾಗಾದರೆ ಅದು ಬೇಡದ ಪಟ್ಟಿಯಲ್ಲೇ ಇದೆ ಎಂದುಕೊಳ್ಳಿ. ಎಲೆ ಇರುವಾಗಲೇ ಮರ ಗುರುತಿಸಿಕೊಂಡು, ಅದರದ್ದೇ ಕೊಂಬೆ ಕಡಿಸಿಕೊಳ್ಳಿ.

ಅಲ್ಲೇ ನಿಂತು ಪರೀಕ್ಷೆ

ಕೊಂಬೆಯನ್ನು ಕಲ್ಲಿಗೆ ಬಡಿಯಿರಿ. ‘ಟಣ್’ ಎಂದರೆ ಗಟ್ಟಿ. ‘ಡಬ್’ ಎಂದರೆ ಒಳಗೆ ಕೊಳೆತಿದೆ ಅಥವಾ ಇನ್ನೂ ಹಸಿ. ಉಗುರು ಇಳಿದರೆ ಬಿಡಿ. ಸಣ್ಣ ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳ ಇದೆ. ಮಣ್ಣಿನ ಗೆರೆ ಕಂಡರೆ ಗೆದ್ದಲು. ತುದಿ ಮುರಿದು ಮೂಸಿ ನೋಡಿ. ಹುಳಿ, ಘಾಟು, ಔಷಧಿ ವಾಸನೆ ಬಂದರೆ ಅಲ್ಲೇ ಎಸೆಯಿರಿ.

ಅಳತೆ ಮನೆಯಲ್ಲೇ ಬರೆದುಕೊಂಡು ಹೋಗಿ. 120 ಸೆಂ.ಮೀ. ಉದ್ದ, 60 ಅಗಲ, 60 ಎತ್ತರದ ಪೆಟ್ಟಿಗೆಯಾದರೆ ಓರೆಯಾಗಿ ಇಡಲು ಸುಮಾರು 110 ಸೆಂ.ಮೀ. ಕೊಂಬೆ ಸಾಕು. ದಪ್ಪ ಹಾವಿನ ನಡುಮೈಯಷ್ಟು ಅಥವಾ ಸ್ವಲ್ಪ ಹೆಚ್ಚೇ ಇರಲಿ. ತೆಳ್ಳಗಿನ ಕಡ್ಡಿಯ ಮೇಲೆ ಬಾಲ್ ಪೈಥಾನ್ ಜಾರಿ ಬೀಳುತ್ತದೆ. ಕಾರ್ನ್ ಸ್ನೇಕ್ ಹತ್ತುವುದರಲ್ಲಿ ಜಾಣ, ಅದಕ್ಕೆ ತೆಳು ದಪ್ಪ ಎರಡೂ ಇದ್ದರೆ ಒಳ್ಳೆಯದು.

ಮನೆಗೆ ತಂದ ಮೇಲೆ

1. ಒಳಗೆ ತರಬೇಡಿ. ಹೊರಗೇ ಇಟ್ಟು ಗರಗಸದಿಂದ ಅಳತೆಗೆ ಕತ್ತರಿಸಿ. ಸಡಿಲ ತೊಗಟೆಯನ್ನು ಚಾಕುವಿನಿಂದ ಎಬ್ಬಿಸಿ. ನುಸಿ, ಇರುವೆ ಮೊಟ್ಟೆ, ಜೇಡ ಎಲ್ಲ ಅದರ ಅಡಿಯಲ್ಲೇ ಅಡಗಿರುತ್ತವೆ. ಬಿಗಿಯಾಗಿ ಅಂಟಿದ ತೊಗಟೆ ಇರಲಿ, ಹಾವಿಗೆ ಹಿಡಿತ ಸಿಗುತ್ತದೆ.

2. ತೆಂಗಿನ ನಾರಿನ ಬ್ರಷ್, ಬಿಸಿ ನೀರು. ಇಷ್ಟೇ. ಸೋಪು, ಡಿಟರ್ಜೆಂಟ್ ಬೇಡ, ಮರ ಹೀರಿಕೊಳ್ಳುತ್ತದೆ. ಫಿನಾಯಿಲ್ ಕರಿಯದಾಗಲಿ ಬಿಳಿಯದಾಗಲಿ, ಡೆಟಾಲ್ ಆಗಲಿ ಹತ್ತಿರಕ್ಕೂ ತರಬೇಡಿ. ಅವುಗಳಲ್ಲಿರುವ ಫಿನಾಲ್ ಜಾತಿಯ ರಾಸಾಯನಿಕ, ಪೈನ್ ಎಣ್ಣೆ ಹಾವುಗಳಿಗೆ ಅಪಾಯ. ಕೊಂಬೆ ಒಣಗಿಸುವ ಜಾಗದಲ್ಲಿ ಇರುವೆ ಚಾಕ್, ಇರುವೆ ಪುಡಿ, ನುಸಿಗುಳಿಗೆಯೂ ಇರಬಾರದು. ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ. ನೆಲ ಒರೆಸುವವರು ಒಳ್ಳೆಯದಾಗಲಿ ಅಂತಲೇ ಒಂದು ಮುಚ್ಚಳ ಫಿನಾಯಿಲ್ ಹಾಕಿಬಿಡುತ್ತಾರೆ.

3. ಟಬ್ ಅಥವಾ ಡ್ರಮ್ಮಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ. ಹುಣಸೆ, ಜಾಲಿಯಿಂದ ಚಹಾದಂಥ ಕಂದು ನೀರು ಬಿಡುತ್ತದೆ. ಅದು ಒಗರು, ಹೆದರಬೇಕಾಗಿಲ್ಲ. ದಿನಾ ನೀರು ಬದಲಿಸಿ, ನೀರು ತಿಳಿಯಾಗುವವರೆಗೆ ಬಿಡಿ. ಇದನ್ನು ಬಿಟ್ಟರೆ ಆ ಬಣ್ಣ ಆಮೇಲೆ ಪೆಟ್ಟಿಗೆಯ ನೆಲದ ಮೇಲೆ ಇಳಿಯುತ್ತದೆ.

4. ಈಗ ಬಿಸಿ. ಹಳೇ ಬಚ್ಚಲ ಹಂಡೆ ಇದ್ದರೆ ನೀವು ಪುಣ್ಯವಂತರು. ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಕೊಂಬೆ ಪೂರ್ತಿ ಮುಳುಗುವಂತೆ ಕುದಿಸಿ. ನೀರು ಕುದಿಯಲು ಶುರುವಾದ ಮೇಲೆ ಎರಡು ಇಂಚು ದಪ್ಪದ ಕೊಂಬೆಗೆ ಒಂದು ಗಂಟೆ, ನಾಲ್ಕು ಇಂಚಿನದಕ್ಕೆ ಎರಡು ಗಂಟೆ. ಮೇಲೆ ಹೇಳಿದ 56 ಡಿಗ್ರಿ, 30 ನಿಮಿಷದ ಲೆಕ್ಕ ನಡುತಿರುಳಿಗೆ. ಹೊರಗೆ ಕುದಿಯುತ್ತಿದ್ದರೂ ಬಿಸಿ ಒಳಗೆ ಹೋಗಲು ಹೊತ್ತು ಬೇಕು, ಅದಕ್ಕೇ ಇಷ್ಟು ಸಮಯ. ಆ ಹಂಡೆಯಲ್ಲಿ ಆಮೇಲೆ ಅಡುಗೆ ಮಾಡಬೇಡಿ.

ಹಂಡೆಯಲ್ಲಿ ಹಿಡಿಯದ ಉದ್ದನೆ ಕೊಂಬೆಗೆ ಏನು ಮಾಡುವುದು? ಅರ್ಧ ಮುಳುಗಿಸಿ ಕುದಿಸಿ, ತಿರುಗಿಸಿ ಇನ್ನರ್ಧ ಕುದಿಸಿ. ಇಲ್ಲದಿದ್ದರೆ ಏಪ್ರಿಲ್ ಬಿಸಿಲು. ಕರಿ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ತಗಡಿನ ಮೇಲೆ ಅಥವಾ ತಾರಸಿ ಮೇಲೆ ಇಡಿ. ಚಳ್ಳಕೆರೆ ಬಿಸಿಲಿಗೆ ಒಳಗೆ ಚೆನ್ನಾಗಿಯೇ ಕಾಯುತ್ತದೆ. ಆದರೆ ತಿರುಳು ಕಾಯಿತಾ ಎಂದು ನೋಡಲು ಒಂದೇ ದಾರಿ. ಅಷ್ಟೇ ದಪ್ಪದ ಇನ್ನೊಂದು ತುಂಡಿಗೆ ನಡುವಿನವರೆಗೆ ತೂತು ಕೊರೆದು, ಮೊನೆಯ ಥರ್ಮಾಮೀಟರ್ ಸಿಕ್ಕಿಸಿ ಪಕ್ಕದಲ್ಲಿಡಿ. 56 ದಾಟಿ 30 ನಿಮಿಷ ನಿಲ್ಲದಿದ್ದರೆ ಬಿಸಿಲನ್ನು ನಂಬಬೇಡಿ. ಮೋಡದ ದಿನಕ್ಕೆ ಈ ಉಪಾಯ ನಡೆಯುವುದೇ ಇಲ್ಲ.

ಓವನ್ ಇದ್ದವರು ಸಣ್ಣ ತುಂಡನ್ನು 120 ಡಿಗ್ರಿ ಮೀರದಂತೆ ಒಂದೆರಡು ಗಂಟೆ ಇಡಬಹುದು. ಎದುರಿಗೇ ಕೂತಿರಬೇಕು. ಒಣ ಮರ, ಬೆಂಕಿ ಹಿಡಿಯುತ್ತದೆ.

ಬ್ಲೀಚ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಕುದಿಸಿದ ಮೇಲೆ ಬೇಕಾಗಿಲ್ಲ. ಮರದ ರಂಧ್ರಗಳಲ್ಲಿ ಅದು ಉಳಿದುಕೊಳ್ಳುತ್ತದೆ, ಆಳಕ್ಕೂ ಹೋಗುವುದಿಲ್ಲ. ಬಳಸಲೇಬೇಕು ಅಂದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು, 10 ನಿಮಿಷ, ಆಮೇಲೆ ಮತ್ತೆ ಮತ್ತೆ ನೆನೆಸಿ ತೊಳೆದು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲು. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಮಾತ್ರ ಯಾವತ್ತೂ ಬೆರೆಸಬೇಡಿ. ಹೊರಡುವ ಕ್ಲೋರಿನ್ ಅನಿಲ ಮನುಷ್ಯರಿಗೇ ಅಪಾಯ.

5. ಒಣಗಿಸುವುದು. ಹೆಚ್ಚಿನವರು ಆತುರ ಮಾಡುವುದು ಇಲ್ಲೇ. ಕುದಿಸಿದ ಕೊಂಬೆಯನ್ನು ಕಡು ಬಿಸಿಲಿಗೆ ಇಟ್ಟರೆ ಹೊರಮೈ ಬೇಗ ಕುಗ್ಗಿ ಉದ್ದಕ್ಕೆ ಸೀಳುತ್ತದೆ. ಆ ಸೀಳಿನಲ್ಲಿ ಹಾವಿನ ಹೊಟ್ಟೆಯ ಹುರುಪೆ ಸಿಕ್ಕಿಕೊಳ್ಳಬಹುದು. ನೆರಳಲ್ಲಿ, ಗಾಳಿಗೆ, ಎರಡು ಇಟ್ಟಿಗೆ ಮೇಲೆ ಎತ್ತಿ ಇಡಿ. ಗಾಳಿಗೆ ನಮ್ಮಲ್ಲಿ ಕೊರತೆಯಿಲ್ಲ, ಚಿತ್ರದುರ್ಗದ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಬೇಸಿಗೆಯಲ್ಲಿ ತೆಳು ಕೊಂಬೆ ಎರಡು ವಾರಕ್ಕೆ ಒಣಗಬಹುದು. ಹಸಿಯಾಗಿ ಕಡಿದ ದಪ್ಪ ಬೊಡ್ಡೆಗೆ ತಿಂಗಳುಗಳೇ ಬೇಕು. ಮಳೆಗಾಲದಲ್ಲಿ ಲೆಕ್ಕವೇ ಬೇರೆ.

ಒಣಗಿತಾ ಇಲ್ವಾ ಎಂದು ಊಹೆ ಮಾಡಬೇಡಿ, ತೂಕ ಮಾಡಿ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಕೊಂಬೆಯ ಮೇಲೇ ಪೆನ್ಸಿಲ್‌ನಿಂದ ಬರೆಯಿರಿ. ತೂಕ ಇಳಿಯುವುದು ನಿಂತರೆ ಒಣಗಿದೆ ಎಂದರ್ಥ. ಒಣಗದ ಮರವನ್ನು ಬಾಲ್ ಪೈಥಾನ್‌ನ ತೇವದ ಪೆಟ್ಟಿಗೆಗೆ ಹಾಕಿದರೆ ಬೂಷ್ಟು ಬರುವುದು ಖಂಡಿತ.

6. ವಾಸನೆ ಪರೀಕ್ಷೆ, ಹುಳದ ಪರೀಕ್ಷೆ. ಒಣಗಿದ ಕೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ಗಂಟೆ ಬಿಸಿಲಿಗೆ ಇಡಿ. ಚೀಲ ಬಿಚ್ಚಿದ ತಕ್ಷಣ ಮೂಗು ಹಾಕಿ. ಬರೀ ಒಣ ಮರದ ಸಣ್ಣ ವಾಸನೆ ಇದ್ದರೆ ಸರಿ. ಘಾಟು, ಹುಳಿ, ಎಣ್ಣೆ ವಾಸನೆ ಇದ್ದರೆ ಪೆಟ್ಟಿಗೆಯಲ್ಲಿ ಹಾವಿಗೂ ಅದೇ ಸಿಗುವುದು. ಮತ್ತೆ ನೆನೆಸಿ ಒಣಗಿಸಿ, ಇಲ್ಲವೇ ಕೈಬಿಡಿ. ಆಮೇಲೆ ಮುಚ್ಚಿದ ಡಬ್ಬದಲ್ಲಿ, ಅಡಿಗೆ ಬಿಳಿ ಕಾಗದ ಹಾಸಿ ಎರಡು ಮೂರು ವಾರ ಬಿಡಿ. ಕಾಗದದ ಮೇಲೆ ಹೊಸ ಪುಡಿ ಬಿದ್ದಿದ್ದರೆ ಹುಳ ಇನ್ನೂ ಬದುಕಿದೆ. ಮತ್ತೆ ಹಂಡೆಗೆ.

7. ಉಜ್ಜುವುದು. 80 ನಂಬರಿನ ಪಾಲಿಶ್ ಪೇಪರ್, ಆಮೇಲೆ 120. ಕತ್ತರಿಸಿದ ತುದಿ, ಮುಳ್ಳಿನ ಬುಡ, ಸೀಳು ಇಷ್ಟಕ್ಕೆ ಮಾತ್ರ. ಇಡೀ ಕೊಂಬೆಯನ್ನು ಮೇಜಿನ ಕಾಲಿನಂತೆ ನಯ ಮಾಡಬೇಡಿ, ಪೊರೆ ಬಿಡುವಾಗ ಹಾವು ಮೂತಿ ಉಜ್ಜಲು ಒರಟು ಬೇಕು. ಎಲ್ಲಿ ಇನ್ನೂ ಸಿಬಿರು ಇದೆ ಎಂದು ತಿಳಿಯಲು ಒಂದು ಚಿಟಿಕೆ ಹತ್ತಿ ತೆಗೆದುಕೊಂಡು ಕೊಂಬೆಯುದ್ದಕ್ಕೂ ಎಳೆಯಿರಿ. ಎಳೆ ಸಿಕ್ಕಿಕೊಂಡ ಕಡೆ ಮತ್ತೆ ಉಜ್ಜಿ. ವಾರ್ನಿಷ್, ಟಚ್‌ವುಡ್, ಬಣ್ಣ ಯಾವುದೂ ಬೇಡ.

ಒಳಗೆ ಕೂರಿಸುವುದು

ಪೊಟರೆ ಇರುವ ಕೊಂಬೆ ನೋಡಲು ಚೆಂದ, ಆದರೆ ಅಪಾಯ ಅಲ್ಲೇ. ತಲೆ ಹೋಗಿ ಮೈ ಹೋಗದ ತೂತು ಇರಲೇಬಾರದು. ಇಲಿ ನುಂಗಿದ ಮೇಲೆ ಹಾವಿನ ನಡು ಎಷ್ಟು ಉಬ್ಬುತ್ತದೆ ಎಂಬುದನ್ನು ನೆನಪಿಡಿ. ತೂತು ಅದರ ದಪ್ಪದ ಎರಡರಷ್ಟಾದರೂ ಇರಬೇಕು, ಇಲ್ಲದಿದ್ದರೆ ಮರದ ತುಂಡಿನಿಂದ ಮುಚ್ಚಬೇಕು.

ಕೊಂಬೆಯನ್ನು ಹಾಸಿನ (ಪೆಟ್ಟಿಗೆಯ ತಳದಲ್ಲಿ ಹರಡುವ ಪುಡಿಯ) ಮೇಲೆ ಇಡಬೇಡಿ, ಪೆಟ್ಟಿಗೆಯ ನೆಲದ ಮೇಲೇ ಕೂರಿಸಿ ಸುತ್ತ ಹಾಸು ತುಂಬಿ. ಹಾವು ಕೆಳಗೆ ತೋಡಿದರೆ ಭಾರದ ಬೊಡ್ಡೆ ಅದರ ಮೇಲೇ ಕುಸಿಯುತ್ತದೆ. ಕಡಪ ಕಲ್ಲಿನ ತುಂಡಿಗೆ ಎರಡು ತೂತು ಕೊರೆಸಿ, ಕೆಳಗಿನಿಂದ ಸ್ಟೀಲ್ ಸ್ಕ್ರೂ ಹಾಕಿ ಕೊಂಬೆ ನಿಲ್ಲಿಸುವುದು ನನಗೆ ಇಷ್ಟವಾದ ಉಪಾಯ, ತೊಳೆಯಲು ಬಿಚ್ಚಬಹುದು. ಅಂಟಿಸಲೇಬೇಕಾದರೆ ಬೂಷ್ಟು ತಡೆಯುವ ಔಷಧಿ ಸೇರಿಸದ ಶುದ್ಧ ಸಿಲಿಕಾನ್ ಬಳಸಿ, ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ ಹಾವನ್ನು ಒಳಗೆ ಬಿಡಬೇಡಿ. ಬೆಳೆದ ಬಾಲ್ ಪೈಥಾನ್ ಒಂದೂವರೆ, ಎರಡು ಕಿಲೋ ತೂಗುತ್ತದೆ. ಕೊಂಬೆಯ ತುದಿಗೆ ನಾಲ್ಕು ಕಿಲೋ ಅಕ್ಕಿ ಚೀಲ ತೂಗುಹಾಕಿ. ಅಲುಗಾಡದಿದ್ದರೆ ಸರಿ.

ಬಿಸಿ ಕೊಡುವ ಬಲ್ಬಿಗೆ ಜಾಲರಿ ಇರಲೇಬೇಕು. ಕೊಂಬೆಯ ಅತಿ ಮೇಲಿನ ಜಾಗದಲ್ಲಿ, ಹಾವಿನ ಬೆನ್ನು ಬರುವ ಎತ್ತರದಲ್ಲಿ, ಥರ್ಮಾಮೀಟರ್ ಇಟ್ಟು ನೋಡಿ. ನೆಲದಲ್ಲಿ 32 ಇದ್ದರೂ ಮೇಲೆ 40 ಇರಬಹುದು, ಹಾವು ಸುಟ್ಟುಕೊಳ್ಳುವುದು ಹೀಗೆ.

ಆಮೇಲೆ

ಮೊದಲ ಕೆಲವು ವಾರ ಹತ್ತಿಯಂಥ ಬಿಳಿ ಬೂಷ್ಟು ಕಂಡರೆ ಕೊಂಬೆ ಹೊರತೆಗೆದು, ಬಿಸಿ ನೀರಲ್ಲಿ ಉಜ್ಜಿ, ಒಣಗಿಸಿ ಮತ್ತೆ ಇಡಿ. ಪದೇಪದೇ ಬಂದರೆ ಒಳಗಿನ ಗಾಳಿ ಸಾಲದು ಅಥವಾ ಮರ ಒಣಗಿರಲಿಲ್ಲ. ಕಪ್ಪು, ಹಸಿರು ಬೂಷ್ಟು ಬಂದರೆ ಆ ತುಂಡನ್ನೇ ಬಿಡಿ. ಹಾವು ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂಗಲ್ಲಿ ಗುಳ್ಳೆ ಕಂಡರೆ, ಸೀಟಿ ಸದ್ದು ಬಂದರೆ ಕೊಂಬೆ ತೆಗೆಯುವುದರ ಜೊತೆಗೆ ಹಾವುಗಳ ಬಗ್ಗೆ ತಿಳಿದ ಪಶುವೈದ್ಯರನ್ನು ಕಾಣಿ. ಅದು ತಾನಾಗಿಯೇ ಹೋಗುವ ನೆಗಡಿ ಅಲ್ಲ.

ಹಿಕ್ಕೆ ಬಿದ್ದ ಜಾಗವನ್ನು ಅವತ್ತೇ ಕೆರೆದು ಕುದಿಯುವ ನೀರು ಹೊಯ್ಯಿರಿ. ಹಾವಿನ ಮೈಮೇಲೆ, ನೀರಿನ ಬಟ್ಟಲಲ್ಲಿ ಗಸಗಸೆಯಷ್ಟು ಕರಿ ಚುಕ್ಕೆ ಓಡಾಡಿದರೆ ನುಸಿ ಬಿದ್ದಿದೆ. ಆಗ ಕೊಂಬೆಯನ್ನು ಉಳಿಸಿಕೊಳ್ಳುವ ಆಸೆ ಬೇಡ. ಮರದ ಸಂದಿಯಲ್ಲಿ ಅದರ ಮೊಟ್ಟೆ ಹುಡುಕುತ್ತಾ ಕೂರುವುದಕ್ಕಿಂತ ಒಲೆಗೆ ಹಾಕುವುದು ಸುಲಭ. ಅದಕ್ಕೇ ಒಂದು ಕೊಂಬೆ ಪೆಟ್ಟಿಗೆಯಲ್ಲಿದ್ದಾಗ ಇನ್ನೊಂದು ತಾರಸಿಯ ನೆರಳಲ್ಲಿ ಒಣಗುತ್ತಿರಲಿ.